ಸೆಕ್ಷನ್ ನಾಯಕತ್ವ

ಸುಮಾರು ಹತ್ತು ಮಂದಿ ಸೈನಿಕರ ತಂಡವನ್ನು ಶತ್ರುವಿನ ಗುಂಡಿಗೆ ಎದುರಾಗಿ, ಒಪ್ಪಿಸಿದ ಕೆಲಸ ಮುಗಿಯುವ ತನಕ ನಡೆಸುವ ಹೊಣೆಯೇ ಸೆಕ್ಷನ್ ನಾಯಕತ್ವ. ಭಾರತೀಯ ಭೂಸೇನೆಯ ಪದಾತಿದಳದಲ್ಲಿ ಈ ಹೊಣೆಯನ್ನು ಸಾಮಾನ್ಯವಾಗಿ ಹವಾಲ್ದಾರ್ ದರ್ಜೆಯವರು ಹೊರುತ್ತಾರೆ. ಬೆಟಾಲಿಯನ್ನಿನ ಕಮಾಂಡರ್ ನಕ್ಷೆ ಮತ್ತು ರೇಡಿಯೋ ಮೂಲಕ ಯುದ್ಧ ನಡೆಸಬಲ್ಲರು. ಸೆಕ್ಷನ್ ಕಮಾಂಡರ್‌ಗೆ ಆ ದೂರವಿಲ್ಲ. ತನ್ನ ಆಜ್ಞೆಯಂತೆ ಎದ್ದು ಓಡುವವನ ಮುಖ ಅವನಿಗೆ ಕಾಣುತ್ತಿರುತ್ತದೆ, ಆ ಓಡುವವನ ಮೇಲೆ ಹಾರುವ ಗುಂಡು ತನ್ನ ಮೇಲೂ ಹಾರುತ್ತಿರುತ್ತದೆ.

ಈ ಲೇಖನವು ಸೆಕ್ಷನ್ ನಾಯಕತ್ವದ ಹುಟ್ಟು, ರಚನೆ, ವಿಧಾನ, ಬಗೆಗಳು ಮತ್ತು ಇಂದಿನ ಸ್ಥಿತಿಯನ್ನು ಮುಖ್ಯವಾಗಿ ಕರ್ನಾಟಕದ ಉದಾಹರಣೆಗಳಿಂದ ವಿವರಿಸುತ್ತದೆ. ಅವುಗಳಲ್ಲಿ ಕೆಲವು ಸೂಲಿಬೆಲೆಯ ಸುತ್ತಿನವು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಹೋಬಳಿ ಹೊಸಕೋಟೆಗೂ ದೇವನಹಳ್ಳಿಗೂ ನಡುವಣ ಬಯಲಿನಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಈ ಎರಡೂ ಊರುಗಳಲ್ಲಿ ನಡೆದ ಹೋರಾಟಗಳು ವಿಷಯಕ್ಕೆ ನೇರವಾಗಿ ಸೇರಿದವು.

ಪರಿಭಾಷೆ

ಪದಾತಿದಳದ ಅತಿ ಚಿಕ್ಕ ಹೋರಾಟದ ಘಟಕ ಸೆಕ್ಷನ್. ಮೂರು ಸೆಕ್ಷನ್ ಸೇರಿದರೆ ಒಂದು ಪ್ಲಟೂನ್, ಮೂರು ಪ್ಲಟೂನ್ ಸೇರಿದರೆ ಒಂದು ರೈಫಲ್ ಕಂಪನಿ. ಬೆಟಾಲಿಯನ್ನಿನಲ್ಲಿ ಇಂಥ ನಾಲ್ಕು ಕಂಪನಿಗಳೂ ಬೆಂಬಲದ ಘಟಕಗಳೂ ಇರುತ್ತವೆ. ಕನ್ನಡ ಪತ್ರಿಕೆಗಳು ಇವೆಲ್ಲವನ್ನೂ ‘ತುಕಡಿ’ ಎಂದೇ ಕರೆಯುವುದರಿಂದ ಹತ್ತು ಜನರ ಗುಂಪಿಗೂ ನೂರು ಜನರ ಗುಂಪಿಗೂ ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ಸೇನೆಯ ಹೆಸರುಗಳನ್ನೇ ಬಳಸಲಾಗಿದೆ. ಲ್ಯಾನ್ಸ್ ನಾಯ್ಕ್, ನಾಯ್ಕ್, ಹವಾಲ್ದಾರ್ ದರ್ಜೆಯವರು ಎನ್‌ಸಿಒಗಳು. ನಾಯಿಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ದರ್ಜೆಯವರು ಜೆಸಿಒಗಳು. ಪ್ಲಟೂನಿನ ನಾಯಕತ್ವ ಜೆಸಿಒ ಅಥವಾ ಕಿರಿಯ ಅಧಿಕಾರಿಯದು. ಗಸ್ತು, ಸಪ್ಪರ್‌ಗಳ (ಸೇನೆಯ ಎಂಜಿನಿಯರ್ ಸೈನಿಕರ) ಕೆಲಸದ ತಂಡ, ಕಮಾಂಡೋ ತಂಡ ಮುಂತಾದ ಇದೇ ಗಾತ್ರದ ಗುಂಪುಗಳ ನಾಯಕತ್ವವೂ ಇದೇ ತತ್ತ್ವಗಳ ಮೇಲೆ ನಿಂತಿರುವುದರಿಂದ ಅವನ್ನೂ ಇಲ್ಲಿ ಸೇರಿಸಿಕೊಳ್ಳಲಾಗಿದೆ.

ಪ್ರಾಚೀನ ರೂಪಗಳು

ಸೇನೆಯನ್ನು ಚಿಕ್ಕ ಘಟಕಗಳಿಂದ ಕಟ್ಟುವ ಕ್ರಮ ಹಳೆಯದು. ಮಹಾಭಾರತದ ಆದಿಪರ್ವದಲ್ಲಿ ಅಕ್ಷೌಹಿಣಿಯ ಲೆಕ್ಕ ‘ಪತ್ತಿ’ಯಿಂದ ಶುರುವಾಗುತ್ತದೆ. ಒಂದು ರಥ, ಒಂದು ಆನೆ, ಮೂರು ಕುದುರೆ, ಐವರು ಕಾಲಾಳುಗಳು ಸೇರಿದರೆ ಒಂದು ಪತ್ತಿ. ಮೂರು ಪತ್ತಿಗೆ ಒಂದು ಸೇನಾಮುಖ, ಮೂರು ಸೇನಾಮುಖಕ್ಕೆ ಒಂದು ಗುಲ್ಮ. ಕರ್ನಾಟಕದ ವೀರಗಲ್ಲುಗಳಲ್ಲಿ ಚಿಕ್ಕ ತಂಡದ ಕಾಳಗದ ಚಿತ್ರ ಇನ್ನೂ ಸ್ಪಷ್ಟವಾಗಿದೆ. ಅವುಗಳಲ್ಲಿ ಬಹುಪಾಲು ದೊಡ್ಡ ರಾಜರ ಯುದ್ಧಗಳ ನೆನಪಿಗೆ ನಿಂತವಲ್ಲ. ತುರುಗೋಳಿನಲ್ಲಿ ದನಗಳನ್ನು ಮರಳಿಸಲು, ಊರಳಿವಿನಲ್ಲಿ ಊರನ್ನು ಉಳಿಸಲು ಹೋಗಿ ಮಡಿದವರ ಹೆಸರನ್ನು ಅವು ಹೇಳುತ್ತವೆ. ಊರಿನ ಕೆಲವೇ ಮಂದಿ, ಮುಂದೆ ನಿಂತ ಒಬ್ಬ ಎಂಬ ವಿನ್ಯಾಸ ಆ ಕಲ್ಲುಗಳಲ್ಲಿ ಮತ್ತೆಮತ್ತೆ ಕಾಣುತ್ತದೆ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಕಂದಾಚಾರ ಇಲಾಖೆಯು ಊರೂರಲ್ಲಿ ಚದುರಿದ ಕಾಲಾಳುಗಳನ್ನು ನೋಡಿಕೊಳ್ಳುತ್ತಿತ್ತು. ಕಿಲ್ಲೇದಾರ, ಹೋಬಳಿದಾರ, ದಫೇದಾರ ಎಂಬ ಹುದ್ದೆಗಳು ಅದರಲ್ಲಿದ್ದವು. ಇದೇ ಪಡೆ ಕಾವಲು ಕೆಲಸವನ್ನೂ ಮಾಡುತ್ತಿತ್ತು. ಟಿಪ್ಪು ಸುಲ್ತಾನನ ಕಾಲಕ್ಕೆ ಪದಾತಿಸೇನೆಯ ಕ್ರಮ ಇನ್ನಷ್ಟು ಬಿಗಿಯಾಗಿ, ದೊಡ್ಡ ಘಟಕದಿಂದ ಚಿಕ್ಕದಕ್ಕೆ ಇಳಿಯುವಂತೆ ಕುಶೂನಿಗೆ ಸಿಪಹದಾರ, ರಿಸಾಲೆಗೆ ರಿಸಾಲದಾರ, ಜೌಕಿಗೆ ಜೌಕದಾರ ಎಂಬ ಏಣಿ ಏರ್ಪಟ್ಟಿತು. ಕಿತ್ತೂರಿನ ಪತನದ ನಂತರ ಸಂಗೊಳ್ಳಿ ರಾಯಣ್ಣ ನಡೆಸಿದ್ದು ಮಾತ್ರ ಬೇರೆ ಬಗೆಯ ಯುದ್ಧ. ಚಿಕ್ಕ ಗುಂಪುಗಳಲ್ಲಿ ಕಾಡಿನಿಂದ ಬಂದು, ಹೊಡೆದು, ಕಾಡಿಗೇ ಮರಳುವ ಹೋರಾಟ ಅದು. ಅವನನ್ನು ರಣರಂಗದಲ್ಲಿ ಸೋಲಿಸಲಾಗದ ಬ್ರಿಟಿಷರು ಒಳಗಿನವರ ದ್ರೋಹದಿಂದ ಸೆರೆಹಿಡಿದು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ದೇವನಹಳ್ಳಿ 1749, ಹೊಸಕೋಟೆ 1768

1749ರಲ್ಲಿ ಮೈಸೂರಿನ ನಂಜರಾಜಯ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರ್ ಅಲಿ ಇನ್ನೂ ಹೆಸರಿಲ್ಲದ ಸವಾರ. ಅವನ ಅಣ್ಣ ಶಹಬಾಜ್ ಅದೇ ಸೈನ್ಯದಲ್ಲಿ ಸರದಾರನಾಗಿದ್ದ. ಮುತ್ತಿಗೆಯ ದಿನಗಳಲ್ಲಿ ಹೈದರ್ ತೋರಿದ ಧೈರ್ಯವನ್ನೂ ತಣ್ಣನೆಯ ತಲೆಯನ್ನೂ ಕಂಡ ನಂಜರಾಜಯ್ಯ 50 ಕುದುರೆ ಮತ್ತು 200 ಕಾಲಾಳುಗಳನ್ನು ಅವನ ಕೈಗೆ ಕೊಟ್ಟು ಕೋಟೆಯ ಒಂದು ಬಾಗಿಲಿನ ಹೊಣೆಯನ್ನೂ ಒಪ್ಪಿಸಿದ. ಮುಂದೆ ಮೈಸೂರನ್ನೇ ಆಳಿದವನ ಸೈನಿಕ ಜೀವನ ಹೀಗೆ ಚಿಕ್ಕ ತಂಡದ ನಾಯಕತ್ವದಿಂದ ಆರಂಭವಾಯಿತು.

ಎರಡನೆಯ ಪ್ರಸಂಗ ಸೂಲಿಬೆಲೆಗೆ ಇನ್ನೂ ಹತ್ತಿರದ್ದು. ಮೊದಲನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಮಿತ್ರನಾಗಿದ್ದ ಗುತ್ತಿಯ ಮರಾಠಾ ನಾಯಕ ಮುರಾರಿ ರಾವ್ ಹೊಸಕೋಟೆಯ ಬಳಿ ಬೀಡು ಬಿಟ್ಟಿದ್ದ. 1768ರ ಆಗಸ್ಟ್ 22-23ರ ರಾತ್ರಿ ಹೈದರನ ಪಡೆ ಆ ಬೀಡಿನ ಮೇಲೆ ಬಿತ್ತು. ಕತ್ತಲಲ್ಲಿ ಕುದುರೆಗಳು ಕುದುರೆಗಳ ನಡುವೆ ನುಗ್ಗಿದರೆ ತಮ್ಮವರು ಯಾರು, ಪರರು ಯಾರು ಎಂದು ತಿಳಿಯುವುದಿಲ್ಲ. ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸದ ಪ್ರಕಾರ ಮುರಾರಿ ರಾವ್ ತನ್ನವರಿಗೆ ಕೊಟ್ಟ ಆಜ್ಞೆ ಒಂದೇ: ಯಾರೂ ಕುದುರೆ ಏರಬಾರದು, ಪ್ರತಿಯೊಬ್ಬನೂ ತನ್ನ ಕುದುರೆಯ ತಲೆಯ ಬಳಿ ನಿಲ್ಲಬೇಕು. ಹಾಗಾಗಿ ಕುದುರೆಯ ಮೇಲೆ ಕಂಡವನೆಲ್ಲ ಶತ್ರುವೇ ಆದ. ಮರಾಠರ ಗಾಯಗೊಂಡ ಆನೆಯೊಂದು ಕಟ್ಟು ಹರಿದು, ಸೊಂಡಿಲಲ್ಲಿ ಸರಪಳಿ ಬೀಸುತ್ತ ಮೈಸೂರಿನ ಸವಾರರ ಮೇಲೆ ನುಗ್ಗಿದ್ದರಿಂದ ಗೊಂದಲ ಹೆಚ್ಚಿತು. ದಾಳಿ ವಿಫಲವಾಯಿತು.

ಮುರಾರಿ ರಾವ್ ನಡೆಸುತ್ತಿದ್ದುದು ಸೆಕ್ಷನ್ ಅಲ್ಲ, ದೊಡ್ಡ ಸೈನ್ಯ. ಆದರೂ ಚಿಕ್ಕ ತಂಡದ ನಾಯಕತ್ವದ ಸಾರ ಈ ಆಜ್ಞೆಯಲ್ಲಿದೆ. ಅದು ಒಂದೇ ಮಾತಿನದು. ಭಯದಲ್ಲಿರುವವನಿಗೂ ಅರ್ಥವಾಗುತ್ತದೆ. ನಾಯಕ ಕಣ್ಣಿಗೆ ಕಾಣದಿದ್ದಾಗಲೂ ಪ್ರತಿಯೊಬ್ಬನೂ ಸರಿಯಾದುದನ್ನೇ ಮಾಡುವಂತೆ ಅದು ನೋಡಿಕೊಳ್ಳುತ್ತದೆ.

ಆಧುನಿಕ ಸೆಕ್ಷನ್ನಿನ ಹುಟ್ಟು

ಸಾಲುಗಟ್ಟಿ ನಿಂತು ಒಟ್ಟಿಗೆ ಗುಂಡು ಹಾರಿಸುವ ಯುದ್ಧಕ್ರಮದಲ್ಲಿ ಹತ್ತು ಜನರ ನಾಯಕನಿಗೆ ನಿರ್ಧಾರ ಮಾಡುವ ಕೆಲಸವೇನೂ ಇರಲಿಲ್ಲ, ಸಾಲು ಕೆಡದಂತೆ ನೋಡಿಕೊಂಡರೆ ಸಾಕಾಗಿತ್ತು. ಮೊದಲನೆಯ ಮಹಾಯುದ್ಧದ ಮಷಿನ್‌ಗನ್ ಆ ಸಾಲನ್ನು ಅಳಿಸಿಹಾಕಿತು. ಬ್ರಿಟಿಷ್ ಸೇನೆ 1917ರ ಫೆಬ್ರವರಿಯಲ್ಲಿ ಹೊರತಂದ ಕೈಪಿಡಿಯೊಂದು ಪ್ಲಟೂನನ್ನು ರೈಫಲ್, ಲೂಯಿಸ್ ಗನ್, ಕೈಬಾಂಬು, ರೈಫಲ್ ಗ್ರೆನೇಡ್ ಎಂಬ ನಾಲ್ಕು ಸೆಕ್ಷನ್‌ಗಳಾಗಿ ವಿಂಗಡಿಸಿತು. ಜರ್ಮನ್ ಸೇನೆ ಅದೇ ಕಾಲದಲ್ಲಿ ಆಘಾತ ಪಡೆಗಳನ್ನು ಕಟ್ಟಿ, ಮೇಲಿನವರು ಗುರಿಯನ್ನಷ್ಟೇ ಹೇಳಿ ದಾರಿಯನ್ನು ಸ್ಥಳದಲ್ಲಿರುವ ಕಿರಿಯ ನಾಯಕನಿಗೆ ಬಿಡುವ ಪದ್ಧತಿಯನ್ನು ಬೆಳೆಸಿತು. ಒಬ್ಬನೇ ಹೊತ್ತು ನಡೆಯಬಲ್ಲ ಹಗುರ ಮಷಿನ್‌ಗನ್ ಬಂದ ಮೇಲೆ ಸೆಕ್ಷನ್ ತನ್ನ ಬೆಂಕಿಯನ್ನು ತಾನೇ ಒದಗಿಸಿಕೊಂಡು ತಾನೇ ಮುನ್ನಡೆಯಬಲ್ಲ ಘಟಕವಾಯಿತು. ಭಾರತೀಯ ಸೇನೆಯಲ್ಲಿ ದಶಕಗಳ ಕಾಲ ಆ ಕೆಲಸ ಮಾಡಿದ್ದು ಬ್ರೆನ್ ಗನ್.

ಸೆಕ್ಷನ್ ಮೊದಲು ನಾಯ್ಕ್ ದರ್ಜೆಯವರ ಕೈಯಲ್ಲಿತ್ತು. ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ನಾಯ್ಕ್ ಯಶವಂತ ಘಾಡಗೆ 1944ರ ಜುಲೈ 10ರಂದು ಇಟಲಿಯ ಟೈಬರ್ ನದಿಯ ಮೇಲಣ ಕಣಿವೆಯಲ್ಲಿ ರೈಫಲ್ ಸೆಕ್ಷನ್ ನಡೆಸುತ್ತಿದ್ದರು. ಮಷಿನ್‌ಗನ್ನಿನ ಒಂದೇ ಸುರಿಮಳೆಗೆ ಅವರನ್ನು ಬಿಟ್ಟು ಸೆಕ್ಷನ್ನಿನ ಎಲ್ಲರೂ ಸತ್ತರು ಇಲ್ಲವೇ ಗಾಯಗೊಂಡರು. ಘಾಡಗೆ ಒಬ್ಬರೇ ಆ ಮಷಿನ್‌ಗನ್ ನೆಲೆಯ ಮೇಲೆ ನುಗ್ಗಿ ಅದನ್ನು ಅಡಗಿಸಿದರು, ಮರುಕ್ಷಣವೇ ಶತ್ರುವಿನ ಗುರಿಕಾರರ ಗುಂಡಿಗೆ ಬಲಿಯಾದರು. ಅವರಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ದೊರೆಯಿತು. 1948ರ ಫೆಬ್ರವರಿ 6ರಂದು ಕಾಶ್ಮೀರದ ನೌಶೇರಾ ಬಳಿಯ ತೈನ್ ಧಾರ್‌ನಲ್ಲಿ ಒಂಬತ್ತು ಮಂದಿಯ ಕಾವಲು ನೆಲೆಯನ್ನು ಕಾಯುತ್ತಿದ್ದ ನಾಯ್ಕ್ ಜದುನಾಥ ಸಿಂಗ್ ಮೂರು ದಾಳಿಗಳನ್ನು ಎದುರಿಸಿದರು. ಅವರಿಗೆ ಬಂದ ಪರಮವೀರ ಚಕ್ರವನ್ನು ಕೊನೆಯ ಏಕಾಂಗಿ ದಾಳಿಗಾಗಿ ಎಲ್ಲರೂ ನೆನೆಯುತ್ತಾರೆ. ನಾಯಕತ್ವದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು ದಾಳಿ-ದಾಳಿಯ ನಡುವೆ ಅವರು ಮಾಡಿದ ಕೆಲಸ. ಉಳಿದವರನ್ನು ಮತ್ತೆ ಜೋಡಿಸಿದರು. ಗಾಯಗೊಂಡ ಗನ್ನರ್‌ನ ಬ್ರೆನ್ ಗನ್ನನ್ನು ತಾವೇ ಹಿಡಿದರು.

ರಚನೆ

ಇಂದಿನ ಸೆಕ್ಷನ್ನಿನಲ್ಲಿ ಎರಡು ಗುಂಪುಗಳಿವೆ. ರೈಫಲ್ ಗುಂಪಿನಲ್ಲಿ ಸೆಕ್ಷನ್ ಕಮಾಂಡರ್, ಮುಂದೆ ದಾರಿ ನೋಡುವ ಸ್ಕೌಟ್‌ಗಳು ಮತ್ತು ರೈಫಲ್‌ಮನ್‌ಗಳು ಇರುತ್ತಾರೆ. ಎಲ್‌ಎಂಜಿ (ಹಗುರ ಮಷಿನ್‌ಗನ್) ಗುಂಪಿನಲ್ಲಿ ಎಲ್‌ಎಂಜಿಯ ಒಂದನೆಯ ಮತ್ತು ಎರಡನೆಯ ನಂಬರಿನವರು ಹಾಗೂ ಅವರ ಮೇಲೆ ಸೆಕ್ಷನ್ನಿನ ಉಪನಾಯಕ ಇರುತ್ತಾರೆ. ಈ ವಿಂಗಡಣೆಗೆ ಕಾರಣ ಸರಳ. ಒಂದು ಗುಂಪು ಗುಂಡು ಹಾರಿಸಿ ಶತ್ರು ತಲೆ ಎತ್ತದಂತೆ ಮಾಡುವಾಗ ಇನ್ನೊಂದು ಗುಂಪು ಚಲಿಸುತ್ತದೆ. ಎರಡೂ ಒಟ್ಟಿಗೆ ಚಲಿಸಿದರೆ ಶತ್ರು ನಿರಾತಂಕವಾಗಿ ಗುರಿಯಿಡುತ್ತಾನೆ, ಎರಡೂ ಒಟ್ಟಿಗೆ ನಿಂತರೆ ಕೆಲಸ ಸಾಗುವುದಿಲ್ಲ.

ಉಪನಾಯಕ ಎಲ್‌ಎಂಜಿಯ ಬಳಿ, ಕಮಾಂಡರ್‌ನಿಂದ ದೂರದಲ್ಲಿ ಇರುವುದಕ್ಕೆ ಇನ್ನೊಂದು ಕಾರಣವಿದೆ. ಒಂದೇ ಸಿಡಿತಕ್ಕೆ ಇಬ್ಬರೂ ಬೀಳಬಾರದು. ಕಮಾಂಡರ್ ಬಿದ್ದರೆ ಉಪನಾಯಕ, ಅವನೂ ಬಿದ್ದರೆ ಉಳಿದವರಲ್ಲಿ ಹಿರಿಯ, ಹೀಗೆ ಹೊಣೆ ಯಾರ ಅಪ್ಪಣೆಗೂ ಕಾಯದೆ ದಾಟುತ್ತದೆ. ಹಾಗೆ ದಾಟಬೇಕಾದರೆ ಕೆಲಸ ಏನು, ಏಕೆ ಎಂಬುದು ಕೊನೆಯ ಜವಾನನಿಗೂ ಮೊದಲೇ ಗೊತ್ತಿರಬೇಕು. ಸೆಕ್ಷನ್ ನಾಯಕತ್ವ ಎಷ್ಟು ಗಟ್ಟಿ ಎಂಬುದನ್ನು ಅಳೆಯಲು ನಾಯಕ ಇಲ್ಲವಾದ ಮೇಲೆ ತಂಡ ಏನು ಮಾಡುತ್ತದೆ ಎಂಬುದಕ್ಕಿಂತ ನಂಬಲರ್ಹವಾದ ಮಾನದಂಡವಿಲ್ಲ.

ಎತ್ತರದ ಗಡಿಠಾಣೆಗಳಲ್ಲಿ ಇದೇ ಗಾತ್ರದ ತಂಡಗಳು ತಿಂಗಳುಗಟ್ಟಲೆ ಒಂಟಿಯಾಗಿರುತ್ತವೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆ ಹಿಮಕುಸಿತಕ್ಕೆ ಸಿಕ್ಕಿದಾಗ ಅಲ್ಲಿದ್ದುದು ಹತ್ತು ಮಂದಿ. 19 ಮದ್ರಾಸ್ ಬೆಟಾಲಿಯನ್ನಿನ ಸುಬೇದಾರ್ ಟಿ.ಟಿ. ನಾಗೇಶ ಎಂಬ ಹಾಸನ ಜಿಲ್ಲೆಯ ಜೆಸಿಒ, ಎನ್‌ಸಿಒಗಳು, ಸಿಪಾಯಿಗಳು ಮತ್ತು ಒಬ್ಬ ಶುಶ್ರೂಷಾ ಸಹಾಯಕ ಅದರಲ್ಲಿದ್ದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯ್ಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಹಿಮದಡಿಯಲ್ಲಿ ಜೀವಂತ ಸಿಕ್ಕಿ, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹತ್ತರಲ್ಲಿ ಯಾರೂ ಉಳಿಯಲಿಲ್ಲ.

ನಾಯಕನ ಕೆಲಸ: ಹೋರಾಟಕ್ಕೆ ಮುನ್ನ

ಸೆಕ್ಷನ್ ಕಮಾಂಡರ್ ತನ್ನ ಪ್ಲಟೂನ್ ಕಮಾಂಡರ್‌ನಿಂದ ಆಜ್ಞೆ ಪಡೆದೊಡನೆ ಮೊದಲು ಕೊಡುವುದು ಮುನ್ಸೂಚನೆ: ಎಷ್ಟು ಹೊತ್ತಿಗೆ ಹೊರಡುವುದು, ಏನು ಕಟ್ಟಿಕೊಳ್ಳುವುದು. ಅವನು ಯೋಚಿಸುತ್ತಿರುವಾಗಲೇ ತಂಡ ಸಿದ್ಧವಾಗತೊಡಗುತ್ತದೆ. ಕೈಯಲ್ಲಿರುವ ಸಮಯದಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ನಾಯಕ ಬಳಸಿಕೊಂಡು ಉಳಿದದ್ದನ್ನು ಕೆಳಗಿನವರಿಗೆ ಬಿಡಬೇಕೆಂಬುದು ಅನೇಕ ಸೇನೆಗಳ ಪಾಠ. ನಂತರ ನೆಲ ನೋಡಿ, ದಾರಿ ಆರಿಸಿ ಬಾಯಿಮಾತಿನ ಆಜ್ಞೆ ಕೊಡುತ್ತಾನೆ. ಅದಕ್ಕೆ ನಿಶ್ಚಿತ ಕ್ರಮವಿದೆ: ನೆಲ, ಶತ್ರು ಮತ್ತು ನಮ್ಮವರ ಸುದ್ದಿ, ಕೆಲಸ, ಮಾಡುವ ರೀತಿ, ಮದ್ದುಗುಂಡು-ಊಟ-ಗಾಯಾಳುಗಳ ಏರ್ಪಾಡು, ಕೊನೆಗೆ ಸಂಕೇತಗಳು ಮತ್ತು ನಾಯಕ ಎಲ್ಲಿರುತ್ತಾನೆ ಎಂಬುದು. ಈ ಕ್ರಮ ಎಂದೂ ಬದಲಾಗುವುದಿಲ್ಲ, ಏಕೆಂದರೆ ದಣಿದು ತೂಕಡಿಸುವ ಜವಾನನೂ ಯಾವ ವಿಷಯ ಯಾವಾಗ ಬರುತ್ತದೆಂದು ತಿಳಿದಿದ್ದರೆ ತನಗೆ ಬೇಕಾದದ್ದನ್ನು ಹಿಡಿದುಕೊಳ್ಳುತ್ತಾನೆ. ನೆಲದ ಮೇಲೆ ಮಣ್ಣು, ಕಲ್ಲು, ಕಡ್ಡಿಗಳಿಂದ ಮಾದರಿ ಮಾಡಿ ತೋರಿಸುವುದು ವಾಡಿಕೆ. ಆಜ್ಞೆ ಮುಗಿದ ಮೇಲೆ ನಾಯಕ ಪ್ರಶ್ನೆ ಕೇಳುತ್ತಾನೆ. ಜವಾನ ತನ್ನ ಕೆಲಸವನ್ನು ತನ್ನ ಮಾತಿನಲ್ಲಿ ಹೇಳಿದಾಗ ಮಾತ್ರ ಆಜ್ಞೆ ತಲುಪಿದೆ ಎಂದರ್ಥ.

ನೆಲವನ್ನು ಓದುವುದು

ಮರೆ ಎಂಬುದರಲ್ಲಿ ಎರಡು ಬಗೆ: ಕಣ್ಣಿಗೆ ಮರೆ ಮತ್ತು ಗುಂಡಿಗೆ ಮರೆ. ಇವೆರಡನ್ನೂ ಒಂದೇ ಎಂದುಕೊಂಡವರು ಹೋರಾಟದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಸೂಲಿಬೆಲೆಯ ಸುತ್ತಿನ ನೆಲದಲ್ಲೇ ಈ ಪಾಠವನ್ನು ಪೂರ್ತಿಯಾಗಿ ಕಲಿಸಬಹುದು. ತೆನೆ ಬಂದ ರಾಗಿ ಹೊಲ ಮಲಗಿದವನನ್ನು ಕಣ್ಣಿನಿಂದ ಮರೆಮಾಡುತ್ತದೆ, ಆದರೆ ಗುಂಡನ್ನು ತಡೆಯುವುದಿಲ್ಲ. ತೆವಳುವವನ ಮೇಲೆ ಪೈರು ಅಲುಗಿ ದಾರಿಯನ್ನು ತೋರಿಸಿಕೊಡುತ್ತದೆ. ಕೊಯ್ಲಾದ ಮೇಲೆ ಅದೇ ಹೊಲದ ಕೂಳೆ ಯಾರನ್ನೂ ಅಡಗಿಸುವುದಿಲ್ಲ. ನೀಲಗಿರಿ ತೋಪು ದೂರದಿಂದ ದಟ್ಟವಾಗಿ ಕಾಣುತ್ತದೆ, ಒಳಗೆ ಹೋದರೆ ನೆಟ್ಟ ಸಾಲುಗಳ ನಡುವೆ ಉದ್ದಕ್ಕೂ ನೋಟ ಹರಿಯುತ್ತದೆ, ತರಗೆಲೆ ಸದ್ದು ಮಾಡುತ್ತದೆ, ಎಳೆಯ ಮರದ ತೆಳ್ಳನೆಯ ಕಾಂಡ ರೈಫಲ್ ಗುಂಡನ್ನು ತಡೆಯಲಾರದು. ಕೆರೆಯ ಏರಿಯ ದಪ್ಪ ಮಣ್ಣು ಗುಂಡಿಗೆ ಒಳ್ಳೆಯ ಮರೆ. ಅದರ ನೆತ್ತಿಯ ಮೇಲೆ ನಡೆದವನು ಮಾತ್ರ ಆಕಾಶಕ್ಕೆ ಎದುರಾಗಿ ಎದ್ದು ಕಾಣುತ್ತಾನೆ. ಏರಿಯ ಹಿಂಬದಿಯ ಇಳಿಜಾರಿನಲ್ಲಿ ನಡೆಯುವುದು, ಬಂಡೆಯ ಮೇಲಿನಿಂದ ಇಣುಕುವ ಬದಲು ಪಕ್ಕದಿಂದ ನೋಡುವುದು, ತೋಪಿನ ಅಂಚಿನಲ್ಲಿ ನಿಲ್ಲದೆ ಸ್ವಲ್ಪ ಒಳಗಿನಿಂದ ಗಮನಿಸುವುದು ಸೆಕ್ಷನ್ ಕಮಾಂಡರ್ ಯೋಚಿಸದೆಯೇ ಮಾಡಬೇಕಾದ ಕೆಲಸಗಳು.

ನೆಲಕ್ಕೆ ತಕ್ಕಂತೆ ಸೆಕ್ಷನ್ನಿನ ವಿನ್ಯಾಸ ಬದಲಾಗುತ್ತದೆ. ಇಕ್ಕಟ್ಟಿನ ಕಾಲುದಾರಿಯಲ್ಲಿ, ಕತ್ತಲಲ್ಲಿ ಒಂಟಿಸಾಲು ಸುಲಭ, ಆದರೆ ಮುಂದಿನಿಂದ ಗುಂಡು ಬಂದರೆ ಒಬ್ಬನೇ ಉತ್ತರ ಕೊಡಬಲ್ಲ. ಬಯಲಿನಲ್ಲಿ ಬಾಣದ ತುದಿಯಾಕಾರ ಅಥವಾ ವಜ್ರಾಕಾರ ಎಲ್ಲ ದಿಕ್ಕಿಗೂ ಸಿದ್ಧ. ಕೊನೆಯಲ್ಲಿ ನುಗ್ಗುವಾಗ ಅಗಲ ಸಾಲು. ಎನ್‌ಸಿಸಿ ಸೇರಿದ ವಿದ್ಯಾರ್ಥಿಗಳು ಈ ವಿನ್ಯಾಸಗಳನ್ನೂ ಕೈಸನ್ನೆಗಳನ್ನೂ ಶಾಲೆಯ ಮೈದಾನದಲ್ಲೇ ಕಲಿಯುತ್ತಾರೆ.

ಗುಂಡಿನ ನಡುವೆ

ಗುಂಡು ಬಿದ್ದ ಮೊದಲ ಕ್ಷಣಗಳಲ್ಲಿ ಯಾರೂ ಯೋಚಿಸುವ ಸ್ಥಿತಿಯಲ್ಲಿರುವುದಿಲ್ಲ. ಅದಕ್ಕಾಗಿಯೇ ಆ ಹೊತ್ತಿನ ಕೆಲಸವನ್ನು ಮೈಗೆ ರೂಢಿಸಲಾಗುತ್ತದೆ: ಓಡು, ಮಲಗು, ತೆವಳು, ನೋಡು, ಗುರಿಯಿಡು, ಹೊಡೆ. ಮಲಗಿದ ಜಾಗದಿಂದ ತೆವಳಿ ಸರಿಯುವುದು ಕಡ್ಡಾಯ, ಏಕೆಂದರೆ ಶತ್ರು ಅವನು ಮಲಗಿದ್ದನ್ನು ನೋಡಿರುತ್ತಾನೆ. ಮುಂದಿನ ಹಂತ ಶತ್ರುವನ್ನು ಪತ್ತೆ ಮಾಡುವುದು. ಇದೇ ಎಲ್ಲಕ್ಕಿಂತ ಕಷ್ಟದ್ದು, ಅನುಭವವಿಲ್ಲದ ತಂಡಗಳು ಸಿಕ್ಕಿಹಾಕಿಕೊಳ್ಳುವುದೂ ಇಲ್ಲಿಯೇ.

ಕಂಡ ಗುರಿಯನ್ನು ಉಳಿದವರಿಗೆ ತೋರಿಸಲು ಗುಂಡಿನ ಆಜ್ಞೆ ಇದೆ. ಅದರಲ್ಲಿ ಯಾರು ಹೊಡೆಯಬೇಕು, ಎಷ್ಟು ದೂರ, ಎಲ್ಲಿ, ಯಾವ ರೀತಿ ಎಂಬ ನಾಲ್ಕು ಅಂಶಗಳು ಇದೇ ಅನುಕ್ರಮದಲ್ಲಿ ಬರುತ್ತವೆ. ದೂರ ಜಾಗಕ್ಕಿಂತ ಮೊದಲೇ ಬರುವುದರಿಂದ ಜವಾನ ಎಷ್ಟು ಆಳಕ್ಕೆ ನೋಡಬೇಕೆಂದು ತಿಳಿಯುತ್ತಾನೆ. ಜಾಗ ತೋರಿಸಲು ಗಡಿಯಾರದ ವಿಧಾನ ಬಳಕೆಯಲ್ಲಿದೆ: ಎಲ್ಲರಿಗೂ ಕಾಣುವ ಒಂಟಿ ಮರದ ಮೇಲೆ ಗಡಿಯಾರದ ಮುಖವಿದೆ ಎಂದುಕೊಂಡು ‘ನಾಲ್ಕು ಗಂಟೆಯ ಕಡೆ, ಬಂಡೆಯ ಎಡ ಬುಡ’ ಎಂದರೆ ಹತ್ತು ಜೋಡಿ ಕಣ್ಣು ಒಂದೇ ಬಂಡೆಗೆ ಹೋಗುತ್ತವೆ. ದೂರ ಅಂದಾಜಿಸುವಾಗ ಹಲವರ ಅಂದಾಜಿನ ಸರಾಸರಿ ತೆಗೆಯುವ ಕ್ರಮವೂ ಇದೆ.

ಎಲ್‌ಎಂಜಿಯ ಬೆಂಕಿಯಿಂದ ಶತ್ರುವನ್ನು ಅದುಮಿದ ಮೇಲೆ ರೈಫಲ್ ಗುಂಪು ಪಕ್ಕದಿಂದ ಏರಿಹೋಗುತ್ತದೆ. ನೆಲೆ ವಶವಾದೊಡನೆ ಕೆಲಸ ಮುಗಿಯಿತು ಎಂಬ ಭಾವನೆ ಬರುವುದು ಸಹಜ, ಅತ್ಯಂತ ಅಪಾಯದ ಗಳಿಗೆಯೂ ಅದೇ. ಪ್ರತಿದಾಳಿ ಆಗಲೇ ಬರುತ್ತದೆ. ಕಮಾಂಡರ್ ಆ ಕೂಡಲೇ ಕಾವಲು ಹಾಕಿ, ಎಲ್‌ಎಂಜಿಗೆ ಜಾಗ ತೋರಿಸಿ, ಗಾಯಾಳುಗಳನ್ನು ನೋಡಿ, ಉಳಿದ ಗುಂಡುಗಳನ್ನು ಎಣಿಸಿ ಹಂಚಿ, ಮೇಲಕ್ಕೆ ವರದಿ ಕಳಿಸಬೇಕು.

ನಾಯಕ ಎಲ್ಲಿರಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸದಾ ಎಲ್ಲರಿಗಿಂತ ಮುಂದೆ ಇದ್ದರೆ ಅವನು ಒಬ್ಬ ಹೆಚ್ಚುವರಿ ರೈಫಲ್‌ಮನ್ ಆಗುತ್ತಾನೆ, ತಂಡವನ್ನು ನಡೆಸುವವನು ಇಲ್ಲವಾಗುತ್ತಾನೆ. ಹಿಂದೆಯೇ ಉಳಿದರೆ ಅವನ ಮಾತಿಗೆ ಯಾರೂ ಏಳುವುದಿಲ್ಲ. ಶತ್ರುವೂ ತನ್ನ ಎರಡೂ ಗುಂಪುಗಳೂ ಕಾಣುವ ಜಾಗ ಅವನದು, ತಂಡ ಹಿಂಜರಿಯುವ ಆ ಒಂದು ಗಳಿಗೆಯಲ್ಲಿ ಮಾತ್ರ ಅವನ ಜಾಗ ಮುಂದೆ.

ರಾಮ ರಾಘೋಬ ರಾಣೆ: ನೌಶೇರಾ-ರಾಜೌರಿ ರಸ್ತೆ, 1948

ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿ ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರ ಕಾರ್ಯ ಚಿಕ್ಕ ತಂಡದ ನಾಯಕತ್ವಕ್ಕೆ ದಾಖಲೆಯುಳ್ಳ ಅತ್ಯುತ್ತಮ ಉದಾಹರಣೆ. ಅವರು 1918ರ ಜೂನ್ 26ರಂದು ಕಾರವಾರದ ಬಳಿಯ ಚೆಂಡಿಯಾದಲ್ಲಿ ಜನಿಸಿದರು. 1940ರಲ್ಲಿ ಬಾಂಬೆ ಸಪ್ಪರ್ಸ್ ಸೇರಿ ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗಕ್ಕೆ ಹೋದರು. ಬುತಿಡೌಂಗ್ ಬಳಿ ಸೇನೆ ಹಿಂದೆ ಸರಿದಾಗ ಮುಖ್ಯ ಸಾಮಗ್ರಿಗಳನ್ನು ನಾಶಮಾಡಲು ಅವರನ್ನೂ ಕೆಲವು ಸಪ್ಪರ್‌ಗಳನ್ನೂ ಹಿಂದೆ ಬಿಡಲಾಗಿತ್ತು. ಹಡಗಿನಲ್ಲಿ ಕರೆದೊಯ್ಯುವ ಏರ್ಪಾಡು ಕೈಗೂಡಲಿಲ್ಲ. ಜಪಾನಿ ಕಾವಲಿದ್ದ ನದಿಯನ್ನು ದಾಟಿ ರಾಣೆ ತಮ್ಮವರನ್ನು ಸೇನೆಗೆ ಮರಳಿಸಿದರು, ಹವಾಲ್ದಾರ್ ಆದರು.

1948ರ ಏಪ್ರಿಲ್‌ನಲ್ಲಿ ರಾಜೌರಿಯನ್ನು ಬಿಡಿಸಲು ಭಾರತೀಯ ಟ್ಯಾಂಕುಗಳು ನೌಶೇರಾದಿಂದ ಹೊರಟಾಗ ರಾಣೆ 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯಲ್ಲಿ ಸೆಕೆಂಡ್ ಲೆಫ್ಟಿನೆಂಟ್. ರಸ್ತೆಯುದ್ದಕ್ಕೂ ನೆಲಬಾಂಬು, ಉರುಳಿಸಿದ ಪೈನ್ ಮರಗಳು, ಒಡೆದ ಕಿರುಸೇತುವೆಗಳು. ಏಪ್ರಿಲ್ 8ರಂದು ಕೆಲಸ ಶುರುಮಾಡುವಷ್ಟರಲ್ಲೇ ಮಾರ್ಟರ್ ಗುಂಡುಗಳು ಬಿದ್ದು ಅವರ ತಂಡದ ಇಬ್ಬರು ಸತ್ತರು, ರಾಣೆ ಸೇರಿ ಐವರು ಗಾಯಗೊಂಡರು. ಅವರು ಉಳಿದವರನ್ನು ಕೂಡಲೇ ಮರುಜೋಡಿಸಿ ಕೆಲಸ ಮುಂದುವರಿಸಿದರು. ಮರುದಿನ ಟ್ಯಾಂಕುಗಳಿಗೆ ಬಳಸುದಾರಿ ಮಾಡಿಕೊಟ್ಟು, ತಾವೇ ಮುಂದಿನ ವಾಹನ ಏರಿ, ಅಡ್ಡಗಟ್ಟು ಎದುರಾದಲ್ಲೆಲ್ಲ ಕೆಳಗೆ ಜಿಗಿದು ಮರಗಳನ್ನು ಸಿಡಿಮದ್ದಿನಿಂದ ತೆರವು ಮಾಡಿದರು. ಮಷಿನ್‌ಗನ್ ಕಾವಲಿದ್ದ ದೊಡ್ಡ ಅಡ್ಡಗಟ್ಟೊಂದರ ಮುಂದೆ ಸಂಜೆ ಪಡೆ ನಿಲ್ಲಬೇಕಾಯಿತು. 10ರಂದು ನಸುಕಿನಲ್ಲೇ ಎದ್ದು, ಟ್ಯಾಂಕುಗಳ ಗುಂಡಿನ ಆಸರೆಯಲ್ಲಿ ಬೆಳಗಾಗುವಷ್ಟರಲ್ಲಿ ಅದನ್ನು ತೆಗೆದರು. ಒಂದು ಕಡೆ ಚಲಿಸುವ ಟ್ಯಾಂಕಿನ ಕೆಳಗೆ ತೆವಳುತ್ತ, ಒಳಗಿನ ಚಾಲಕನಿಗೆ ಹಗ್ಗ ಎಳೆದು ಸೂಚನೆ ಕೊಡುತ್ತ ಸಾಗಿದರೆಂದು ಆ ಕಾರ್ಯಾಚರಣೆಯ ವಿವರಗಳು ಹೇಳುತ್ತವೆ. ಅಂದು ಪಡೆ ಚಿಂಗಸ್ ತಲುಪಿತು. 11ರಂದು ರಾಣೆ ಮತ್ತೆ 17 ಗಂಟೆಗಳ ಕಾಲ ಕೆಲಸ ಮಾಡಿದರು. 12ರಂದು ರಾಜೌರಿ ವಶವಾಯಿತು.

ಈ ನಾಲ್ಕು ದಿನಗಳಲ್ಲಿ ರಾಣೆ ಶತ್ರುವಿನ ಮೇಲೆ ಕತ್ತಿ ಹಿರಿದು ನುಗ್ಗಲಿಲ್ಲ. ತಂಡ ಮಾಡಬೇಕಾದ ಅತಿ ಅಪಾಯದ ಕೆಲಸವನ್ನು ತಂಡದ ಜೊತೆಯಲ್ಲೇ, ದಿನದಿನವೂ, ಗಾಯದ ಮೈಯಲ್ಲಿ ಮಾಡಿದರು. ಸೇನೆಯ ಅತಿ ದೊಡ್ಡ ಶೌರ್ಯ ಪದಕವನ್ನು ಜೀವಂತವಾಗಿ ಪಡೆದ ಕೆಲವರಲ್ಲಿ ಅವರೊಬ್ಬರು. ಮೇಜರ್ ಆಗಿ ನಿವೃತ್ತರಾಗಿ 1994ರ ಜುಲೈನಲ್ಲಿ ಪುಣೆಯಲ್ಲಿ ತೀರಿಕೊಂಡರು. ಕಾರವಾರದ ಕಡಲತೀರದಲ್ಲಿ ಅವರ ಸ್ಮಾರಕವಿದೆ. ಸಪ್ಪರ್‌ಗಳ ಇಂಥ ಕೆಲಸಕ್ಕೆ ಬೆಂಗಳೂರಿನ ಕೊಡುಗೆಯೂ ಇದೆ: ಮುಳ್ಳುತಂತಿಯ ಅಡ್ಡಗಟ್ಟನ್ನು ದೂರದಿಂದಲೇ ಸಿಡಿಸುವ, ಕೊಳವೆಗಳನ್ನು ಒಂದಕ್ಕೊಂದು ಜೋಡಿಸುವ ‘ಬ್ಯಾಂಗಲೋರ್ ಟಾರ್ಪಿಡೊ’ವನ್ನು ಮದ್ರಾಸ್ ಸಪ್ಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಇಲ್ಲಿಯೇ ರೂಪಿಸಿದರು.

ಬಗೆಗಳು

ದಾಳಿ, ರಕ್ಷಣೆ, ಗಸ್ತು ಎಂಬುವು ಸೆಕ್ಷನ್ನಿನ ಮುಖ್ಯ ಕಾರ್ಯಗಳು. ರಕ್ಷಣೆಯಲ್ಲಿ ನಾಯಕನ ಕೆಲಸ ನಿಧಾನದ್ದು: ಕಂದಕ ತೋಡಿಸುವುದು, ಪ್ರತಿಯೊಬ್ಬನ ಗುಂಡಿನ ವ್ಯಾಪ್ತಿ ಪಕ್ಕದವನದರ ಜೊತೆ ಬೆಸೆಯುವಂತೆ ನೋಡುವುದು, ಮುಂಜಾವ ಮತ್ತು ಮುಸ್ಸಂಜೆಯಲ್ಲಿ ಎಲ್ಲರನ್ನೂ ಸಜ್ಜಾಗಿರಿಸುವುದು. ಗಸ್ತಿನಲ್ಲಿ ಸುದ್ದಿ ತರುವುದು ಒಂದು, ಹೊಂಚುಹಾಕಿ ಹೊಡೆಯುವುದು ಇನ್ನೊಂದು. ಹೊಂಚಿನಲ್ಲಿ ಗಂಟೆಗಟ್ಟಲೆ ಅಲುಗದೆ ಮಲಗಿಸುವ ಶಿಸ್ತೇ ಅರ್ಧ ಗೆಲುವು.

ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಹಿರಿಯ ಅಧಿಕಾರಿಗಳೂ ಚಿಕ್ಕ ತಂಡದ ನಾಯಕರಾಗುತ್ತಾರೆ. ಉಡುಪಿಯಲ್ಲಿ ಜನಿಸಿದ ಕರ್ನಲ್ ವಸಂತ್ ವೇಣುಗೋಪಾಲ್ 9 ಮರಾಠಾ ಲೈಟ್ ಇನ್‌ಫೆಂಟ್ರಿಯ ಕಮಾಂಡಿಂಗ್ ಅಧಿಕಾರಿಯಾಗಿದ್ದರೂ 2007ರ ಜುಲೈ 31ರಂದು ಉರಿ ಪ್ರದೇಶದಲ್ಲಿ ನುಸುಳುಕೋರರನ್ನು ತಡೆಯುವ ತಂಡದ ಮುಂದೆ ತಾವೇ ನಿಂತು ಮಡಿದರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಎನ್‌ಎಸ್‌ಜಿ ಕಮಾಂಡೋಗಳ ತಂಡ ನಡೆಸಿದರು. ಗಾಯಗೊಂಡ ಕಮಾಂಡೋನನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವ ಏರ್ಪಾಡು ಮಾಡಿ, ಉಗ್ರರನ್ನು ಬೆನ್ನಟ್ಟಿ ಪ್ರಾಣ ಕೊಟ್ಟರು. ಇಬ್ಬರಿಗೂ ಅಶೋಕ ಚಕ್ರ ದೊರೆಯಿತು. ಕಟ್ಟಡದೊಳಗಿನ ಹೋರಾಟದಲ್ಲಿ ಹತ್ತು ಜನರ ತಂಡವೂ ಮೆಟ್ಟಿಲು, ಬಾಗಿಲು, ಮೂಲೆಗಳಿಂದಾಗಿ ಎರಡು-ಮೂರು ಮಂದಿಯ ತುಂಡುಗಳಾಗುತ್ತದೆ. ಆಗ ಪ್ರತಿ ತುಂಡಿಗೂ ಒಬ್ಬ ನಾಯಕ ಬೇಕಾಗುತ್ತದೆ.

ಒಗ್ಗಟ್ಟು ಮತ್ತು ಭಯ

ಸೈನಿಕ ಏಕೆ ಹೋರಾಡುತ್ತಾನೆ ಎಂಬ ಬಗ್ಗೆ ಎರಡನೆಯ ಮಹಾಯುದ್ಧದ ನಂತರ ಗಂಭೀರ ಅಧ್ಯಯನಗಳು ನಡೆದವು. ಜರ್ಮನ್ ಸೇನೆ ಕೊನೆಯವರೆಗೂ ಒಡೆಯದಿದ್ದುದಕ್ಕೆ ಪಕ್ಕದಲ್ಲಿರುವ ಕೆಲವೇ ಸಂಗಾತಿಗಳ ನಂಟು ಮುಖ್ಯ ಕಾರಣವೆಂದು ಶಿಲ್ಸ್ ಮತ್ತು ಜಾನೊವಿಟ್ಸ್ 1948ರಲ್ಲಿ ವಾದಿಸಿದರು. ಕಾಳಗದಲ್ಲಿ ಗುಂಡು ಹಾರಿಸುವವರು ನಾಲ್ಕರಲ್ಲಿ ಒಂದು ಪಾಲನ್ನು ಮೀರುವುದಿಲ್ಲ ಎಂಬ ಎಸ್.ಎಲ್.ಎ. ಮಾರ್ಷಲ್ ಅವರ 1947ರ ಹೇಳಿಕೆ ಪ್ರಸಿದ್ಧವಾದರೂ ಅದಕ್ಕೆ ಆಧಾರ ಸಾಲದೆಂದು ನಂತರದ ಸಂಶೋಧಕರು ತೋರಿಸಿದ್ದಾರೆ. ನಾಯಕ ಹತ್ತಿರವಿದ್ದಾಗ, ಪಕ್ಕದವನ ದನಿ ಕೇಳುತ್ತಿದ್ದಾಗ ಸೈನಿಕ ಗಟ್ಟಿಯಾಗಿ ನಿಲ್ಲುತ್ತಾನೆ ಎಂಬುದರಲ್ಲಿ ಮಾತ್ರ ಒಮ್ಮತವಿದೆ. ಅಂಥ ನಂಟು ಯುದ್ಧದ ದಿನ ಹುಟ್ಟುವುದಿಲ್ಲ. ಜವಾನನ ಪಾದದ ಬೊಬ್ಬೆ ನೋಡುವುದು, ರಜೆಯ ಅರ್ಜಿ ಮುಂದಕ್ಕೆ ಕಳಿಸುವುದು, ಕಾವಲಿನ ಪಾಳಿಯನ್ನು ಪಕ್ಷಪಾತವಿಲ್ಲದೆ ಹಂಚುವುದು, ತಂಡದವರೆಲ್ಲ ಉಂಡ ಮೇಲೆ ಉಣ್ಣುವುದು ಮುಂತಾದ ದಿನನಿತ್ಯದ ಕೆಲಸಗಳಿಂದ ಅದು ಕಟ್ಟಿಕೊಳ್ಳುತ್ತದೆ.

ಕಾನೂನಿನ ಮಿತಿ

ಭಾರತ 1949ರ ಜಿನೀವಾ ಒಪ್ಪಂದಗಳಿಗೆ ಬದ್ಧ. ಶರಣಾದವರನ್ನು, ಗಾಯಾಳುಗಳನ್ನು, ಹೋರಾಟದಲ್ಲಿಲ್ಲದ ಜನರನ್ನು ರಕ್ಷಿಸುವ ಅವುಗಳ ನಿಯಮಗಳು ಕಾಗದದಿಂದ ನೆಲಕ್ಕೆ ಇಳಿಯುವುದು ಸೆಕ್ಷನ್ ಕಮಾಂಡರ್ ಮೂಲಕವೇ. ಗೆಳೆಯನನ್ನು ಕಳೆದುಕೊಂಡ ಸಿಟ್ಟಿನಲ್ಲಿರುವ ತಂಡದ ಕೈಗೆ ಸೆರೆಯಾಳು ಸಿಕ್ಕಾಗ ಅಲ್ಲಿ ಇರುವ ಅಧಿಕಾರ ಅವನೊಬ್ಬನದೇ. ಆ ಹೊತ್ತಿನಲ್ಲಿ ತಂಡವನ್ನು ಹಿಡಿದು ನಿಲ್ಲಿಸುವುದು ದಾಳಿಗೆ ಎಬ್ಬಿಸುವಷ್ಟೇ ಕಷ್ಟದ ನಾಯಕತ್ವ.

ತರಬೇತಿ

ಮ್ಹೌನಲ್ಲಿರುವ ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಬೆಳಗಾವಿಯಲ್ಲಿದೆ. ಯುವ ಅಧಿಕಾರಿಗಳು, ಜೆಸಿಒಗಳು, ಎನ್‌ಸಿಒಗಳು ಇಲ್ಲಿ ಚಿಕ್ಕ ತಂಡದ ತಂತ್ರ ಕಲಿಯುತ್ತಾರೆ, ಕಮಾಂಡೋ ತರಬೇತಿಯೂ ಇಲ್ಲಿಯೇ ನಡೆಯುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಕೂಡ ಅದೇ ಊರಿನಲ್ಲಿದೆ. ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್, ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಮತ್ತು ಮಿಲಿಟರಿ ಪೊಲೀಸ್ ಕೇಂದ್ರಗಳಿವೆ. 2021ರ ಮೇ ತಿಂಗಳಲ್ಲಿ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದದ್ದು ಈ ಪೊಲೀಸ್ ಕೇಂದ್ರದಿಂದ. ಆದರೂ ಸೆಕ್ಷನ್ ಕಮಾಂಡರ್ ತಯಾರಾಗುವುದು ಹೆಚ್ಚಾಗಿ ತನ್ನ ಬೆಟಾಲಿಯನ್ನಿನಲ್ಲೇ. ಲ್ಯಾನ್ಸ್ ನಾಯ್ಕ್, ನಾಯ್ಕ್ ಆಗಿ ಉಪನಾಯಕನ ಜಾಗದಲ್ಲಿ ಕಳೆದ ವರ್ಷಗಳೇ ಅವನ ನಿಜವಾದ ಪಾಠಶಾಲೆ.

ಈಗಿನ ಸ್ಥಿತಿ

ಸೆಕ್ಷನ್ನಿನ ಆಯುಧಗಳು ವೇಗವಾಗಿ ಬದಲಾಗುತ್ತಿವೆ. ಇನ್ಸಾಸ್ ರೈಫಲಿನ ಜಾಗಕ್ಕೆ ಸಿಗ್-716 ಮತ್ತು ಎಕೆ-203 ಬರುತ್ತಿವೆ. ನೆಗೆವ್ ಎಲ್‌ಎಂಜಿ 2021ರಿಂದ ಬಳಕೆಯಲ್ಲಿದೆ. 2025ರ ಜುಲೈ 26ರಂದು ದ್ರಾಸ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ಪದಾತಿ ಬೆಟಾಲಿಯನ್‌ಗಳಲ್ಲಿ ಡ್ರೋನ್ ಪ್ಲಟೂನ್‌ಗಳನ್ನೂ ಚುರುಕಾದ ಚಿಕ್ಕ ‘ಭೈರವ’ ಲೈಟ್ ಕಮಾಂಡೋ ಬೆಟಾಲಿಯನ್‌ಗಳನ್ನೂ ಪ್ರಕಟಿಸಿದರು. ಡ್ರೋನ್ ಬಂದ ಮೇಲೆ ಏರಿಯ ಹಿಂಬದಿ, ತೋಪಿನ ಒಳಭಾಗ ಯಾವುದೂ ಮೇಲಿನಿಂದ ಮರೆಯಲ್ಲ. ಉಕ್ರೇನ್ ಯುದ್ಧದಲ್ಲಿ ಹತ್ತು ಜನ ಒಟ್ಟಿಗೆ ಸೇರುವುದೇ ಅಪಾಯವಾಗಿ, ಎರಡು-ಮೂರು ಮಂದಿಯ ಗುಂಪುಗಳಲ್ಲಿ ಚದುರಿ ಹೋರಾಡುವ ಪದ್ಧತಿ ಬೆಳೆದಿದೆ. ನಾಯಕನ ದನಿಗೆ ನಿಲುಕದ ಈ ದೂರದಲ್ಲಿ ಮೊದಲೇ ಕೊಟ್ಟ ಸರಳ ಆಜ್ಞೆಯ ಬೆಲೆ ಹೆಚ್ಚುತ್ತದೆ.

2022ರಲ್ಲಿ ಜಾರಿಯಾದ ಅಗ್ನಿಪಥ ಯೋಜನೆಯಡಿ ಅಗ್ನಿವೀರರ ಸೇವೆ ನಾಲ್ಕು ವರ್ಷ. ನಂತರ ಗರಿಷ್ಠ ಶೇ 25ರಷ್ಟು ಮಂದಿಯನ್ನು ಕಾಯಂ ಮಾಡಿಕೊಳ್ಳಲು ಅವಕಾಶವಿದೆ. ಮುಂದಿನ ನಾಯ್ಕ್, ಹವಾಲ್ದಾರ್‌ಗಳು ಈ ಪಾಲಿನಿಂದಲೇ ಬರಬೇಕಾಗಿರುವುದರಿಂದ ಯಾರನ್ನು ಉಳಿಸಿಕೊಳ್ಳಬೇಕು ಎಂಬ ತೀರ್ಮಾನವು ಹತ್ತು-ಹದಿನೈದು ವರ್ಷಗಳ ನಂತರದ ಸೆಕ್ಷನ್ ಕಮಾಂಡರ್‌ಗಳನ್ನು ಆರಿಸುವ ತೀರ್ಮಾನವೂ ಆಗಿದೆ. ಸೂಲಿಬೆಲೆ ಸೇರಿದಂತೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅಭ್ಯರ್ಥಿಗಳು ಬೆಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. 2023ರಿಂದ ಕಂಪ್ಯೂಟರ್ ಮೂಲಕ ನಡೆಯುವ ಲಿಖಿತ ಪರೀಕ್ಷೆ ಮೊದಲು, ಓಟ ಮತ್ತು ದೇಹದಾರ್ಢ್ಯ ಪರೀಕ್ಷೆ ನಂತರ.